ಹಳೇ ಫೋನಿಗೆ ಸಿಗ್ನಲ್ ಇಲ್ವಾ? ಮೂಲೆಗೆ ಹಾಕುವ ಮೊದಲು ಇಷ್ಟು ನೋಡಿ

ಶಿಡ್ಲಘಟ್ಟದಲ್ಲಿರುವ ನಮ್ಮ ದೊಡ್ಡಪ್ಪ ರೇಷ್ಮೆ ಬೆಳೆಗಾರರು. ಗೂಡು ಮಾರಿದ ದುಡ್ಡು ಬ್ಯಾಂಕಿಗೆ ಬಿತ್ತೋ ಇಲ್ಲವೋ ಅಂತ ತಿಳಿಯುವುದು ಅವರ ಹಳೇ ಫೋನಿಗೆ ಬರುವ ಮೆಸೇಜಿನಿಂದಲೇ. ಮೊನ್ನೆ ಅದರಲ್ಲಿ ಮೊದಲು ಇಂಟರ್ನೆಟ್ ನಿಂತಿತು, ಆಮೇಲೆ ಕರೆಯೂ ಹೋಗಲಿಲ್ಲ. "ಇದರ ಕಾಲ ಮುಗೀತು ಯಜಮಾನ್ರೇ, ಹೊಸದು ತಗೊಳ್ಳಿ" ಎಂದನಂತೆ ಅಂಗಡಿಯವನು. ನಾನು ತೆಗೆದು ನೋಡಿದರೆ ಫೋನಿಗೆ ಏನೂ ಆಗಿರಲಿಲ್ಲ. ಯಾರೋ ಯಾವತ್ತೋ ಅದನ್ನು '3ಜಿ ಮಾತ್ರ' ಎಂದು ಸೆಟ್ ಮಾಡಿಟ್ಟಿದ್ದರು. ಅವರ ಊರಿನ ಟವರಿನಲ್ಲಿ 3ಜಿಯೇ ನಿಂತುಹೋಗಿತ್ತು!

ಇದು ಎಲ್ಲ ಕಡೆ ಆಗುತ್ತಿರುವ ಮಾತು. ಏರ್‌ಟೆಲ್ 2019–20ರಲ್ಲೇ 3ಜಿ ನಿಲ್ಲಿಸಿತು. 2016ರಲ್ಲಿ ಬಂದ ಜಿಯೋದಲ್ಲಿ 2ಜಿ, 3ಜಿ ಯಾವತ್ತೂ ಇರಲೇ ಇಲ್ಲ. ಹಳೇ ಅಲೆಗಳನ್ನೇ ಕಂಪನಿಗಳು 4ಜಿಗೆ ತಿರುಗಿಸಿಕೊಳ್ಳುತ್ತಿವೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ನೆಟ್‌ವರ್ಕ್ ಬಗೆಯ ಪಟ್ಟಿ ನೋಡಿ. ಅಲ್ಲಿ 4ಜಿ ಅಥವಾ ಎಲ್‌ಟಿಇ ಅಂತ ಇದ್ದರೆ ಅರ್ಧ ಗೆದ್ದಂತೆ. 4ಜಿ, 3ಜಿ, 2ಜಿ ಮೂರೂ ಸೇರಿರುವ ಆಯ್ಕೆಯನ್ನು ಒತ್ತಿ, ಫೋನ್ ಆಫ್ ಮಾಡಿ ಆನ್ ಮಾಡಿ. ಕೀಪ್ಯಾಡ್ ಫೋನಾದರೆ ಬ್ಯಾಟರಿ ತೆಗೆದು, ಅದರ ಕೆಳಗೆ ಬರೆದಿರುವ ಮಾಡೆಲ್ ನಂಬರನ್ನು ಮಕ್ಕಳ ಫೋನಿನಲ್ಲಿ ಹುಡುಕಿಸಿ.

ಆಮೇಲೆ ಸಿಮ್. 3ಜಿ ಕಾಲದ ಸಿಮ್ಮಿನಲ್ಲಿ 4ಜಿ ಸಿಗದೇ ಇರಬಹುದು. ಆಧಾರ್ ಹಿಡಿದು ಕಂಪನಿಯ ಅಂಗಡಿಗೆ ಹೋದರೆ ಅದೇ ನಂಬರಿಗೆ ಹೊಸ ಸಿಮ್ ಕೊಡುತ್ತಾರೆ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು.

ಆದರೆ ಸ್ವಲ್ಪ ನಿಲ್ಲಿ. ಬಹಳಷ್ಟು ಜನ ಎಡವುವುದು ಇಲ್ಲೇ. ಹಳೇ ಫೋನಿನ ಹೆಸರು, ನಂಬರುಗಳು ಎಷ್ಟೋ ಸಲ ಸಿಮ್ಮಿನಲ್ಲೇ ಕೂತಿರುತ್ತವೆ. ಹೊಸ ಸಿಮ್ ಖಾಲಿ. ಹಾಗಾಗಿ ಕಾಂಟ್ಯಾಕ್ಟ್ಸ್ ಒಳಗೆ ಹೋಗಿ, ಸಿಮ್ಮಿನಲ್ಲಿರುವುದನ್ನೆಲ್ಲ ಫೋನಿಗೆ ಕಾಪಿ ಮಾಡಿಕೊಂಡೇ ಹೊರಡಿ. ನಾನು ಒಂದು ಸಲ ಇದನ್ನು ಮರೆತು ನಮ್ಮಮ್ಮನ ಕೈಲಿ ವಾರಗಟ್ಟಲೆ ಬೈಸಿಕೊಂಡಿದ್ದೇನೆ. ಇನ್ನೊಂದು, ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ಮಾಡಿರುವ ನಿಯಮ ಇದು. ಒಟಿಪಿ ಬೇಕಾದ ದಿನ, ಗೂಡು ಮಾರುಕಟ್ಟೆಗೆ ಹೋಗುವ ದಿನ ಸಿಮ್ ಬದಲಿಸಬೇಡಿ. ಹೊಸ ಸಿಮ್ ಮೂರು ಅಳತೆಗೆ ಮುರಿಯುವ ಹಾಗೆ ಬರುತ್ತದೆ. ಹಳೇ ಫೋನಿನ ಜಾಗ ದೊಡ್ಡದು, ಅಂಗಡಿಯವರು ಅಭ್ಯಾಸಬಲದಿಂದ ಚಿಕ್ಕದಾಗಿ ಮುರಿಯುವ ಮೊದಲೇ ಫೋನ್ ತೋರಿಸಿ.

ಡೇಟಾ ಬಂತು, ಕರೆ ಮಾತ್ರ ಹೋಗಲ್ಲ ಅಂತೀರಾ? ಹಾಗಾದರೆ ವಿಒಎಲ್‌ಟಿಇ ನೋಡಿ. 4ಜಿಯ ಮೇಲೇ ಮಾತು ಸಾಗಿಸುವ ವ್ಯವಸ್ಥೆ ಅದು, ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದರ ಸ್ವಿಚ್ ಇರುತ್ತದೆ. ಮೊದಮೊದಲ 4ಜಿ ಫೋನುಗಳಲ್ಲಿ ಕೆಲವಕ್ಕೆ ಇದು ಇಲ್ಲ. ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ) ಸಿಮ್ ಇದ್ದರೆ ಕರೆ ಬಂದಾಗ ಫೋನ್ 2ಜಿಗೆ ಇಳಿದು ಮಾತಾಡಿಸುತ್ತದೆ. ಜಿಯೋದಲ್ಲಿ ಇಳಿಯಲು 2ಜಿಯೇ ಇಲ್ಲ.

ಬಿಎಸ್‌ಎನ್‌ಎಲ್ 4ಜಿ 700 ಮತ್ತು 2100 ಮೆಗಾಹರ್ಟ್ಸ್ ಅಲೆಗಳಲ್ಲಿ ಬರುತ್ತದೆ. ದೂರ ಹೋಗುವುದು 700. ಹಳೇ ಫೋನುಗಳಲ್ಲಿ ಎಷ್ಟೋ ಅದನ್ನು ಹಿಡಿಯುವುದಿಲ್ಲ. ಗುಡಿಬಂಡೆ, ಬಾಗೇಪಲ್ಲಿ ಕಡೆಯ ಗುಡ್ಡದ ಮಗ್ಗುಲಿನ ಊರುಗಳವರು ಪಕ್ಕದ ಮನೆಯವರ ಬಿಎಸ್‌ಎನ್‌ಎಲ್ ಸಿಮ್ ಹಾಕಿ ಮನೆಯೊಳಗೇ ಒಮ್ಮೆ ಪರೀಕ್ಷೆ ಮಾಡಿ. ಪುಕ್ಕಟೆ ಕೆಲಸ.

ಫೋನು 4ಜಿ ಅಲ್ಲವೇ ಅಲ್ಲ, ಮಾತಾಡಲು ಮಾತ್ರ ಸಾಕು ಅನ್ನುವವರು 2ಜಿ ಇರುವ ಕಂಪನಿಗೆ ನಂಬರನ್ನು ಪೋರ್ಟ್ ಮಾಡಿಸಬಹುದು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಬಹುದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಬೇಕು. ನಿಮ್ಮ ಫೋನಿಗೆ ಸಿಗ್ನಲ್ ಇಲ್ಲದಿದ್ದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ಕಳಿಸಿ. ಸಿಮ್ ಬದಲಿಸಿ 7 ದಿನ ಆಗದೆ ಪೋರ್ಟ್ ಆಗುವುದಿಲ್ಲ, ಗೊತ್ತಿರಲಿ.

ಸಿಗ್ನಲ್ ಬಂದ ಮೇಲೆ ಸಾಫ್ಟ್‌ವೇರ್. ದಿನಾಂಕ, ಸಮಯ ಸರಿ ಇದೆಯಾ ನೋಡಿ. ತಪ್ಪಿದ್ದರೆ ಎಷ್ಟೋ ವೆಬ್‌ಸೈಟುಗಳು ತೆರೆಯುವುದೇ ಇಲ್ಲ. ಚಾರ್ಜ್ ತುಂಬಿಸಿ, ವೈಫೈ ಸಿಕ್ಕ ಕಡೆ ಅಪ್‌ಡೇಟ್ ಹಾಕಿ. ಆಂಡ್ರಾಯ್ಡ್ 5ಕ್ಕಿಂತ ಹಳೆಯದರಲ್ಲಿ ವಾಟ್ಸ್‌ಆ್ಯಪ್ ಈಗ ನಡೆಯುವುದಿಲ್ಲ, ಅದಕ್ಕೆ ಒದ್ದಾಡಬೇಡಿ. ಪೂರ್ತಿ ಅಳಿಸಿ ರೀಸೆಟ್ ಮಾಡುವ ಮೊದಲು ಅದರಲ್ಲಿರುವ ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಫೋನ್ ಬೀಗ ಹಾಕಿಕೊಂಡು ಕೂರುತ್ತದೆ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೇ ಹಾಕಬೇಡಿ.

ಬೀರುವಿನಲ್ಲಿ ಇನ್ನೊಂದು ಸಿಮ್ ಸುಮ್ನೆ ಬಿದ್ದಿದೆಯಾ? ಪ್ರೀಪೇಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ಕತ್ತರಿಸಬಹುದು. 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಹಿಡಿದುಕೊಂಡು ಇನ್ನೂ 30 ದಿನ ಉಳಿಸುತ್ತಾರೆ. ಬ್ಯಾಂಕಿಗೆ ಕೊಟ್ಟಿರುವ ನಂಬರ್ ಅದೇ ಆಗಿದ್ದರೆ ಇವತ್ತೇ ಅದರಿಂದ ಯಾರಿಗಾದರೂ ಒಂದು ಕರೆ ಮಾಡಿ.