ಮೇಸ್ತ್ರಿಯನ್ನು ತಯಾರು ಮಾಡುವುದು ತೂಕದ ಹತ್ತಿರ

ಚಿಕ್ಕಮಗಳೂರಿನ ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ 26 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು ನಾನು. "ಆಳುಗಳಿಗೆ ಕೆಲಸದ ಮೇಲೆ ಮನಸ್ಸೇ ಇಲ್ಲ, ಏನು ಮಾಡೋದು?" ಅಂತ ಹೊಸ ಮ್ಯಾನೇಜರುಗಳು ಕೇಳುತ್ತಾರೆ. ಹಣ್ಣು ತೂಗುವ ತಕ್ಕಡಿಯ ಅಂಕಿ ಯಾರ ಕಡೆಗೆ ತಿರುಗಿದೆ ಅಂತ ನಾನು ತಿರುಗಿ ಕೇಳುತ್ತೇನೆ.

ನನ್ನ ಮೊದಲ ತೋಟದಲ್ಲಿ ಅದು ನನ್ನ ಕಡೆಗೇ ತಿರುಗಿತ್ತು. ಹಣ್ಣು ತೂಗಿ ಕೂಲಿ ಕೊಡುವಾಗ ಚೀಲದ ತೂಕ ಅಂತ ಹೇಳಿ ಪ್ರತಿ ಚೀಲಕ್ಕೆ 2 ಕೆಜಿ ಕಳೆಯಲು ಮೇಲಿಂದ ಅಪ್ಪಣೆ. ಖಾಲಿ ಚೀಲ ಅದರ ಅರ್ಧವೂ ತೂಗುತ್ತಿರಲಿಲ್ಲ. ಒಂದು ಕೊಯ್ಲು ಪೂರ್ತಿ ನಾನೂ ತೆಪ್ಪಗೆ ಕಳೆದೆ. ಹೆಂಗಸರು ಜಗಳಕ್ಕೆ ಬರಲಿಲ್ಲ. ಆದರೆ ಹಣ್ಣಿನ ಜೊತೆ ಹಸಿರು ಕಾಯಿ ಬಂತು, ಎಲೆ ಬಂತು, ಒಂದು ದಿನ ಕಲ್ಲೂ ಬಂತು. ಅರೇಬಿಕಾ ಕಾಫಿಯಲ್ಲಿ ಸುಮಾರು 6 ಕೆಜಿ ಹಣ್ಣಿಗೆ 1 ಕೆಜಿ ಬೀಜ. ಹಸಿ ಕಾಯಿ ಪಲ್ಪರಿನಲ್ಲಿ, ಅಂದರೆ ಸಿಪ್ಪೆ ಸುಲಿಯುವ ಯಂತ್ರದಲ್ಲಿ, ನೆಟ್ಟಗೆ ಸುಲಿಯುವುದಿಲ್ಲ, ರುಚಿಯೂ ಕೆಡುತ್ತದೆ. ಚೀಲದಲ್ಲಿ ಉಳಿಸಿದ್ದನ್ನು ಕಣದಲ್ಲಿ ಕಳೆದುಕೊಂಡೆವು.

ಹಾಗಾಗಿ ಮೊದಲು ಇದನ್ನು ಮಾಡಿ. ಬೆಳಿಗ್ಗೆ ಎಲ್ಲರ ಎದುರು ಖಾಲಿ ಚೀಲ ತೂಗಿ, ಬಂದ ಅಂಕಿಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯಿರಿ. ಸಂಜೆ ಅಷ್ಟೇ ಕಳೆಯಿರಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಲೇಬೇಕು, ಅದು ಕಾನೂನು. ಅಂಕಿಯನ್ನು ಕೊಯ್ದವಳೇ ಓದಿ ಹೇಳಲಿ, ಆಮೇಲೆ ನೀವು ಬರೆಯಿರಿ. ಅಸ್ಸಾಮಿನಿಂದ ಬಂದವರಿದ್ದರೆ ಅವರ ಪೈಕಿ ಕನ್ನಡ ಬರುವ ಒಬ್ಬರು ಪಕ್ಕದಲ್ಲಿರಲಿ.

ಎರಡನೆಯದು ಮೇಸ್ತ್ರಿಯ, ಅಂದರೆ ಆಳುಗಳ ಗುಂಪು ನಡೆಸುವವರ, ಆಯ್ಕೆ. ಗಂಟಲು ದೊಡ್ಡದಿದ್ದವನನ್ನೇ ಮೇಸ್ತ್ರಿ ಮಾಡುವುದು ನಮ್ಮಲ್ಲಿ ರೂಢಿ. ನಾನು ಬೇರೆ ದಾರಿ ಹಿಡಿದೆ. ಲೈನಿನಲ್ಲಿ, ಅಂದರೆ ಆಳುಗಳ ಮನೆಸಾಲಿನಲ್ಲಿ, ರಾತ್ರಿ ಮಗುವಿಗೆ ಜ್ವರ ಬಂದರೆ ಜನ ಯಾರ ಬಾಗಿಲು ತಟ್ಟುತ್ತಾರೆ ಅಂತ ವಿಚಾರಿಸಿದೆ. ಮೂರು ಮನೆಯವರು ಒಬ್ಬಳದೇ ಹೆಸರು ಹೇಳಿದರು. ಅವಳಿಗೆ ಓದು ಬರುತ್ತಿರಲಿಲ್ಲ, ಹಾಜರಿಯನ್ನು ಮಗಳು ಬರೆದುಕೊಡುತ್ತಿದ್ದಳು. ಸಾಹುಕಾರರು ಮುಖ ಸಿಂಡರಿಸಿದರು. ಎರಡು ವಾರ ಬಿಟ್ಟು ಆ ಮಾತು ಎತ್ತಲಿಲ್ಲ.

ಹೆಸರು ಕೊಟ್ಟರಷ್ಟೇ ಸಾಲದು, ಕೆಲಸ ನಿಲ್ಲಿಸುವ ಅಧಿಕಾರವನ್ನೂ ಕೊಡಿ. ಔಷಧಿ ಹೊಡೆಯುವವರಿಗೆ ಕೈಗವಸು ಇಲ್ಲವೇ, ಗುಡುಗು ಶುರುವಾಯಿತೇ? ನಿಮಗೆ ಫೋನು ಮಾಡದೆ ಅವಳೇ ನಿಲ್ಲಿಸಲಿ. ಆ ದಿನದ ಕೂಲಿ ಹಿಡಿಯಬೇಡಿ. ಒಮ್ಮೆ ಹಿಡಿದಿರೋ, ಮುಂದೆ ಯಾವ ಮೇಸ್ತ್ರಿಯೂ ನಿಲ್ಲಿಸುವುದಿಲ್ಲ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ 2013ರ ಕಾಯ್ದೆಯಂತೆ ಹೆಂಗಸರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಆಫೀಸಿನ ಗೋಡೆಗೆ ಕಾಗದ ಅಂಟಿಸಿ ಕೈತೊಳೆದುಕೊಳ್ಳಬೇಡಿ, ಲೈನಿಗೆ ಹೋಗಿ ಬಾಯಲ್ಲೇ ಹೇಳಿ.

ಶನಿವಾರ ಬಟವಾಡೆಗೆ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ. ನಿಮ್ಮ ತಪ್ಪನ್ನು ಮೊದಲು ನೀವೇ ಹೇಳಿ. ಇದು ಕಷ್ಟ, ನನಗೆ ಮೂರು ಶನಿವಾರ ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ವಾರ, "ಹಿಂದಿನ ತೋಟದಲ್ಲಿ ಚೀಲಕ್ಕೆ 2 ಕೆಜಿ ಕಳೆದವನು ನಾನು" ಅಂದೆ. ಯಾರೂ ನಗಲಿಲ್ಲ. ಒಬ್ಬಳು ಅಜ್ಜಿ ಮಾತ್ರ, "ನಮಗೆ ಗೊತ್ತಿತ್ತು ರೈಟ್ರೇ, ಎಲ್ಲಾ ಕಡೆ ಅದೇ" ಅಂದಳು.

ಆ ವರ್ಷ ಸೆಪ್ಟೆಂಬರಿನಲ್ಲಿ ಕಳೆ ತೆಗೆಯುತ್ತಿದ್ದ ಅದೇ ಅಜ್ಜಿ ಕೆಲಸ ಬಿಟ್ಟು ಆಫೀಸಿಗೆ ಬಂದಳು. ಹಳ್ಳದ ಪಕ್ಕದ ಅರೇಬಿಕಾ ಗಿಡವೊಂದರ ಕಾಂಡದಲ್ಲಿ ಉಬ್ಬಿದ ಗೆರೆಗಳಿವೆ, ಎಲೆ ಹಳದಿಯಾಗಿದೆ ಅಂದಳು. ಅದು ಬಿಳಿ ಕಾಂಡಕೊರಕ, ಕಾಂಡದೊಳಗೆ ಕೊರೆಯುವ ಹುಳು. ಆ ಹುಳು ದುಂಬಿಯಾಗಿ ಅಕ್ಟೋಬರಿನಿಂದ ಹೊರಗೆ ಹಾರಲು ಶುರು ಮಾಡುತ್ತದೆ, ಅಷ್ಟರೊಳಗೆ ಗಿಡ ಕಿತ್ತು ಸುಡಬೇಕು. ಅವಳನ್ನೇ ಮುಂದೆ ಬಿಟ್ಟುಕೊಂಡು ಹೋದೆವು. ಪಕ್ಕದ ಸಾಲಿನಲ್ಲಿ ಇನ್ನೂ ನಾಲ್ಕು ಸಿಕ್ಕವು.