ಚಾರಿಟಿಗೆ ಜಿಎಸ್‌ಟಿ ಇಲ್ಲ ಅಂತಾರಲ್ಲ, ಅದು ಎಷ್ಟು ನಿಜ? ನನ್ನ ಅನುಭವ

ಕಾಸರಗೋಡಿನ ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಮಕ್ಕಳಿಗೆ ಅಂತ ನಾವು ಕೆಲವು ಜನ ಸೇರಿ ಒಂದು ಡೇ ಕೇರ್ ನಡೆಸ್ತೇವೆ, ಫಿಸಿಯೋಥೆರಪಿ, ಮಧ್ಯಾಹ್ನದ ಊಟ, ಆಗುವಷ್ಟು ಪಾಠ. ಮಕ್ಕಳು 18, ಹೆಚ್ಚಿನವರಿಗೆ ತಾವಾಗಿ ಕೂತ್ಕೊಳ್ಳಲಿಕ್ಕೂ ಆಗುವುದಿಲ್ಲ. 1860ರ ಸೊಸೈಟಿ ಆಕ್ಟಿನಲ್ಲಿ ರಿಜಿಸ್ಟರ್ ಮಾಡಿಸಿ 12ಎ (ಸಂಸ್ಥೆಗೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ), 80ಜಿ (ಡೊನೇಶನ್ ಕೊಟ್ಟವರಿಗೆ ಟ್ಯಾಕ್ಸ್ ರಿಯಾಯಿತಿ) ಎಲ್ಲ ಆಗಿತ್ತು, ನಾನು ಶಾಲೆಯಿಂದ ರಿಟೈರ್ ಆದ ಮೇಲೆ ಲೆಕ್ಕ ಬರೆಯುವ ಕೆಲಸ ನನಗೆ ಬಂತು.

ಮೊದಲನೇ ತಿಂಗಳೇ ಆ 12ಎ ಸರ್ಟಿಫಿಕೇಟಿನ ಜೆರಾಕ್ಸ್ ಹಿಡ್ಕೊಂಡು ಕಾಸರಗೋಡಿನ ಹೋಲ್‌ಸೇಲ್ ಅಂಗಡಿಗೆ ಹೋದೆ, ಟ್ಯಾಕ್ಸ್ ಬಿಟ್ಟು ಬಿಲ್ ಮಾಡಿ ಅಂತ. ಅಂಗಡಿಯವರು ಅದನ್ನು ಪೂರ್ತಿ ಓದಿ ವಾಪಸ್ ಕೊಟ್ಟು, "ಟೀಚರೇ, ಇದು ಇನ್‌ಕಮ್ ಟ್ಯಾಕ್ಸಿಂದು, ಇದನ್ನು ನೋಡಿ ನಾನು ಜಿಎಸ್‌ಟಿ ಬಿಡ್ಲಿಕ್ಕೆ ಆಗುವುದಿಲ್ಲ" ಅಂದ್ರು. ಅವರು ಹೇಳಿದ್ದೇ ಸರಿ. ವಿನಾಯಿತಿ ಇರುವುದು ನಾವು ಮಕ್ಕಳಿಗೆ ಕೊಡುವ ಸೇವೆಗೆ, ನಾವು ಅಂಗಡಿಯಿಂದ ತರುವ ಸಾಮಾನಿಗೆ ಅಲ್ಲ. ಮತ್ತೆ ನಮ್ಮ ಸೇವೆಗೆ ಟ್ಯಾಕ್ಸ್ ಇಲ್ಲದ ಕಾರಣ ಕೊಟ್ಟ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ತಗೊಳ್ಳುವ ದಾರಿಯೂ ಇಲ್ಲ. ಇದು ಅನ್ಯಾಯ ಅಂತ ಇವತ್ತಿಗೂ ನನಗೆ ಅನಿಸ್ತದೆ, ಮಗುವಿನ ಡಯಾಪರ್‌ಗೂ ನಾವು ಟ್ಯಾಕ್ಸ್ ಕೊಡ್ತೇವೆ ಅಲ್ವಾ.

ಸೇವೆಯ ವಿನಾಯಿತಿ ಇರುವುದು 28 ಜೂನ್ 2017ರ 12/2017 ಜಿಎಸ್‌ಟಿ ನೋಟಿಫಿಕೇಶನ್‌ನಲ್ಲಿ, ಮೊದಲನೇ ಐಟಂ. ಅದರಲ್ಲಿ ಚಾರಿಟಿ ಅಂದ್ರೆ ಎಂತದ್ದು ಅಂತ ಬಿಡಿಸಿ ಬರೆದಿದ್ದಾರೆ, ದಯವಿಟ್ಟು ಅದನ್ನು ಓದಿ. ತೀವ್ರ ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯ ಇರುವವರ ಆರೈಕೆ ಉಂಟು, ಹಾಗಾಗಿ ನಾವು ಒಳಗೆ ಬಂದೆವು. ಶಿಕ್ಷಣ ಅಂತ ಬಂದಾಗ ಅನಾಥ, ಹೆತ್ತವರು ಬಿಟ್ಟುಹೋದ, ಮನೆ ಇಲ್ಲದ ಮಕ್ಕಳು ಅಂತ ಉಂಟು, ಬರೇ ಬಡ ಮಕ್ಕಳು ಅಂತ ಇಲ್ಲ! ಅಪ್ಪ ಅಮ್ಮ ಇರುವ ಬಡ ಮಕ್ಕಳಿಗೆ ಟ್ಯೂಷನ್ ಕೊಟ್ಟು ಸಣ್ಣ ಫೀಸು ತಗೊಳ್ಳುವ ಸಂಸ್ಥೆಯವರು ನಾವೂ ಇದರಲ್ಲಿ ಬರ್ತೇವೆ ಅಂತ ಅಂದ್ಕೊಂಡು ಕೂರಬೇಡಿ.

ನಮಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಒಬ್ಬರು ಟ್ಯಾಕ್ಸ್ ಕೆಲಸ ಮಾಡುವವರು, ಜಿಎಸ್‌ಟಿ ನಂಬರ್ ಇಲ್ಲದೆ ಡೊನೇಶನ್ ತಗೊಂಡ್ರೆ ನೋಟಿಸ್ ಬರ್ತದೆ ಅಂತ ಹೆದರಿಸಿ ರಿಜಿಸ್ಟ್ರೇಶನ್ ಮಾಡಿಸಿದ್ರು, ಫೀಸೂ ತಗೊಂಡ್ರು, ಆಮೇಲೆ ರಿಟರ್ನ್ ಹಾಕಲೇ ಇಲ್ಲ. ನಿಲ್ ರಿಟರ್ನ್ (ವ್ಯವಹಾರ ಏನೂ ಇಲ್ಲ ಅಂತ ಹಾಕುವಂಥದ್ದು) ಆದ್ರೂ ದಿನಕ್ಕೆ 20 ರೂಪಾಯಿ ಲೇಟ್ ಫೀ. ವಿನಾಯಿತಿ ಇರುವ ಕೆಲಸ ಮಾತ್ರ ಮಾಡುವವರಿಗೆ ಜಿಎಸ್‌ಟಿ ಕಾನೂನಿನ ಸೆಕ್ಷನ್ 23ರ ಪ್ರಕಾರ ರಿಜಿಸ್ಟ್ರೇಶನ್ನೇ ಬೇಡ, ಏನೂ ಪ್ರತಿಫಲ ಕೇಳದೆ ಕೊಟ್ಟ ಡೊನೇಶನ್ ಟರ್ನ್‌ಓವರ್‌ಗೆ ಸೇರುವುದೂ ಇಲ್ಲ. ಬಾಕಿ ಎಲ್ಲ ಕಟ್ಟಿ, ಆರ್‌ಇಜಿ-16 ಫಾರ್ಮ್ ಹಾಕಿ ಕ್ಯಾನ್ಸಲ್ ಮಾಡಿಸುವಷ್ಟರಲ್ಲಿ ಹೋದ ದುಡ್ಡು ಒಂದು ಮಗುವಿನ ಸ್ಪ್ಲಿಂಟಿಗೆ (ಕೈಕಾಲಿಗೆ ಕಟ್ಟುವ ಆಧಾರಪಟ್ಟಿ) ಆಗ್ತಿತ್ತು, ಅದೇ ಬೇಜಾರು.

ಡೊನೇಶನ್‌ನಲ್ಲಿ ಜಾಗ್ರತೆ ಬೇಕಾದದ್ದು ಕೊಟ್ಟವರ ಹೆಸರು ಹಾಕುವ ಬೋರ್ಡಿನ ವಿಷಯಕ್ಕೆ. ಥೆರಪಿ ರೂಮಿಗೆ ಮ್ಯಾಟ್, ಪ್ಯಾರಲಲ್ ಬಾರ್ ಕೊಟ್ಟ ಒಬ್ಬ ವ್ಯಾಪಾರಿ ಗೋಡೆಯಲ್ಲಿ ಅಂಗಡಿಯ ಲೋಗೋ, ಫೋನ್ ನಂಬರ್, ಆಫರ್ ಎಲ್ಲ ಹಾಕ್ಬೇಕು ಅಂದ್ರು. ಅಕ್ಟೋಬರ್ 2019ರ ಜಿಎಸ್‌ಟಿ ಸರ್ಕ್ಯುಲರ್ ಪ್ರಕಾರ ಕೃತಜ್ಞತೆಗೆ ಹೆಸರು ಬರೆದ್ರೆ ಟ್ಯಾಕ್ಸ್ ಇಲ್ಲ, ಜಾಹೀರಾತಿನ ಹಾಗಾದ್ರೆ ಅದು ಸೇವೆ ಕೊಟ್ಟ ಹಾಗೆ. ಅವರಿಗೆ ಕೂತು ವಿವರಿಸಿದೆ, ಕೊನೆಗೆ "ತಂದೆಯವರ ನೆನಪಿಗೆ" ಅಂತ ಒಂದು ಸಾಲು, ಕೆಳಗೆ ಅವರ ಹೆಸರು, ಅಷ್ಟೇ. ಅವರಿಗೂ ಅದೇ ಚಂದ ಕಂಡಿತು.

ಖರೀದಿಯಲ್ಲಿ ಟ್ಯಾಕ್ಸ್ ತಪ್ಪಿಸಲಿಕ್ಕೆ ಆಗದಿದ್ರೂ ಕಡಿಮೆ ಮಾಡ್ಲಿಕ್ಕೆ ಆಗ್ತದೆ. 2022 ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ 25 ಕಿಲೋವರೆಗಿನ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ನಾವು ಮೊದಲು ಎತ್ತಲಿಕ್ಕೆ ಸುಲಭ ಅಂತ 25 ಕಿಲೋದ ಕುಚ್ಚಲಕ್ಕಿ ಚೀಲ ನಾಲ್ಕು ತರ್ತಿದ್ದೆವು, ಈಗ 50 ಕಿಲೋದ್ದು ಎರಡು, ಆಟೋದವರೇ ಒಳಗೆ ತಂದು ಇಡ್ತಾರೆ. ಮಂಗಳೂರಿಂದ ತಂದ್ರೆ ಟ್ಯಾಕ್ಸ್ ಉಳೀತದೆ ಅಂತ ಈಗಲೂ ಕೆಲವರು ಹೇಳ್ತಾರೆ, ಅದು ಜಿಎಸ್‌ಟಿಗೆ ಮೊದಲು ಆಯಾ ರಾಜ್ಯದ ವ್ಯಾಟ್ ಇದ್ದ ಕಾಲದ ಮಾತು, ಈಗ ಗಡಿಯ ತಲಪಾಡಿಯ ಆಚೆಗೂ ಈಚೆಗೂ ರೇಟ್ ಒಂದೇ.

2025 ಸೆಪ್ಟೆಂಬರ್ 22ರ ಮೇಲೆ ನೋಟ್‌ಬುಕ್, ಪೆನ್ಸಿಲ್, ಕ್ರೇಯಾನಿಗೆ ಟ್ಯಾಕ್ಸ್ ಪೂರ್ತಿ ಹೋಯ್ತು, ಡಯಾಪರಿಗೆ 12 ಇದ್ದದ್ದು 5 ಆಯ್ತು. ಹಳೇ ಬಿಲ್ಲನ್ನೂ ಹೊಸ ಬಿಲ್ಲನ್ನೂ ಪಕ್ಕದಲ್ಲಿಟ್ಟು ನೋಡಿದೆ: ಟ್ಯಾಕ್ಸ್ ಬಿಟ್ಟು ತಿಂಗಳಿಗೆ 12,000ದ ಡಯಾಪರ್, 1,440 ಇದ್ದ ಟ್ಯಾಕ್ಸ್ 600 ಆಗಿದೆ. ಉಳಿದ 840ಕ್ಕೆ ಇನ್ನೂ ಎರಡು ಪ್ಯಾಕೆಟ್ ಬಂತು, ಮನೆಯಲ್ಲಿ ಒಂದನ್ನೇ ದಿನ ಇಡೀ ಹಾಕಿಸ್ತಿದ್ದ ಒಬ್ಬ ಹುಡುಗನ ಅಮ್ಮನ ಕೈಗೆ ಅದನ್ನು ಕೊಟ್ಟು ಕಳಿಸಿದೆವು.