ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ

ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಹಿಮೋಗ್ಲೋಬಿನ್ 8.4 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಚೀಟಿ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ನಮ್ಮದು ಮಂಡ್ಯ ಕಡೆಯ ಮನೆ. ದಿನಾ ಮುದ್ದೆ, ವಾರಕ್ಕೆ ಮೂರು ದಿನ ಬಸ್ಸಾರು, ಹಿತ್ತಲಲ್ಲಿ ನುಗ್ಗೆ ಮರ. ಇಷ್ಟು ಸೊಪ್ಪು ತಿನ್ನುವವಳಿಗೆ ರಕ್ತ ಕಡಿಮೆ ಆಗೋದು ಹೇಗೆ?

ನಿಜ ಹೇಳಬೇಕೆಂದರೆ ಸೂಚನೆ ಮೊದಲೇ ಸಿಕ್ಕಿತ್ತು. ಮಹಡಿ ಹತ್ತಿದರೆ ಏದುಸಿರು. ಅಕ್ಕಿ ಆರಿಸುವಾಗ ಹಿಡಿ ಹಿಡಿ ಹಸಿ ಅಕ್ಕಿ ಬಾಯಿಗೆ ಹೋಗುತ್ತಿತ್ತು. 'ಅಕ್ಕಿ ತಿಂದರೆ ಮದುವೇಲಿ ಮಳೆ ಬರುತ್ತೆ' ಅಂತ ಚಿಕ್ಕವರಿಗೆ ಹೇಳಿ ಬಿಟ್ಟುಬಿಡುತ್ತೇವೆ, ಅಲ್ವಾ? ಹಸಿ ಅಕ್ಕಿ, ಬಳಪ, ಮಣ್ಣು ತಿನ್ನಬೇಕು ಅನ್ನಿಸುವುದು ಕಬ್ಬಿಣದ ಕೊರತೆಯ ಗುರುತಾಗಿರಬಹುದು. ಮನೆಯಲ್ಲಿ ಯಾರಾದರೂ ಹಾಗೆ ಮಾಡಿದರೆ ಗದರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಹಿಮೋಗ್ಲೋಬಿನ್ ಒಂದು ಪ್ರೋಟೀನ್. ಅದರ ಒಂದೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣು ಕೂತಿರುತ್ತವೆ. ಉಸಿರಿನ ಆಮ್ಲಜನಕವನ್ನು ಹಿಡಿದುಕೊಂಡು ಮೈಯೆಲ್ಲ ತಿರುಗುವುದು ಅವೇ. ದೊಡ್ಡವರ ಮೈಯಲ್ಲಿರುವ ಕಬ್ಬಿಣ ಎಲ್ಲ ಸೇರಿದರೂ 3ರಿಂದ 4 ಗ್ರಾಂ. ತಿಂಗಳ ಮುಟ್ಟಿನಲ್ಲಿ ಅದು ಸೋರಿ ಹೋಗುತ್ತಲೇ ಇರುತ್ತದೆ. ನನಗೆ ಸ್ರಾವ ಜಾಸ್ತಿ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನೀವು ಹಾಗೆ ಮಾಡಬೇಡಿ. ಡಾಕ್ಟರ ಮುಂದೆ ಮೊದಲು ಹೇಳಬೇಕಾದ ಮಾತೇ ಅದು.

ಉಳಿದದ್ದು ಅಡುಗೆಮನೆಯ ಲೆಕ್ಕ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮಾಂಸದ ಕಬ್ಬಿಣದ ಹಾಗೆ ಸಲೀಸಾಗಿ ಕರುಳಿನಿಂದ ರಕ್ತಕ್ಕೆ ಇಳಿಯುವುದಿಲ್ಲ. ಜೊತೆಗೆ ಏನು ತಿಂದೆವು ಅನ್ನುವುದರ ಮೇಲೆ ಅದು ಹತ್ತುವುದೋ ಹಾಗೇ ಹೊರಗೆ ಹೋಗುವುದೋ ತೀರ್ಮಾನವಾಗುತ್ತದೆ.

ನಾನು ಮೊದಲು ಬದಲಿಸಿದ್ದು ಕಾಫಿಯ ಹೊತ್ತನ್ನು. ಬೆಳಿಗ್ಗೆ ತಿಂಡಿ ಮುಗಿಸಿದ ಕೂಡಲೇ ಒಂದು ಲೋಟ, ಮಧ್ಯಾಹ್ನ ಉಂಡ ಮೇಲೆ ಇನ್ನೊಂದು ಲೋಟ ಟೀ. ಇವೆರಡರಲ್ಲೂ ಇರುವ ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ತೊಂದರೆ ಇಲ್ಲ. ಆದರೆ ಉಂಡು ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ಊಟದ ಜೊತೆಗೆ ಕುಡಿದಷ್ಟೇ ಅಡ್ಡಿಯಾಗುತ್ತದೆ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಹಾಗಾಗಿ ಈಗ ಎದ್ದ ಕೂಡಲೇ ಕಾಫಿ, ತಿಂಡಿ ಅದಾದ ಒಂದು ಗಂಟೆಗೆ. ಟೀ ಸಂಜೆ ನಾಲ್ಕಕ್ಕೆ. ಕಾಫಿ ಬಿಡಬೇಕಾಗಿಲ್ಲ, ಜಾಗ ಬದಲಿಸಿದರೆ ಸಾಕು.

ಎರಡನೆಯದು ಹುಳಿ. ಸಿ ವಿಟಮಿನ್ ಜೊತೆಗಿದ್ದರೆ ಸೊಪ್ಪಿನ ಕಬ್ಬಿಣ ಕರುಳು ಹೀರುವ ರೂಪಕ್ಕೆ ಬರುತ್ತದೆ. ನಿಂಬೆ, ನೆಲ್ಲಿಕಾಯಿ, ಸೀಬೆ ಮೂರೂ ಚೆನ್ನ. ಆದರೆ ಈ ವಿಟಮಿನ್ ಬಿಸಿಗೆ ಹಾಳಾಗುತ್ತದೆ. ನಿಂಬೆಯನ್ನು ಕುದಿಯುವ ಸಾರಿಗೆ ಹಿಂಡಿದರೆ ಹುಳಿ ಉಳಿಯುತ್ತದೆ, ವಿಟಮಿನ್ ಒಂದಷ್ಟು ಹೋಗುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ಹುಣಸೆಹಣ್ಣೂ ಹುಳಿಯೇ ಅಲ್ವಾ ಅಂತ ನನ್ನ ತಂಗಿ ಕೇಳಿದಳು. ಹುಣಸೆಯಲ್ಲಿ ಸಿ ವಿಟಮಿನ್ ತೀರಾ ಕಡಿಮೆ, ನಿಂಬೆಯ ಜಾಗ ಅದು ತುಂಬುವುದಿಲ್ಲ.

ಇನ್ನು ಬಸ್ಸಾರು. ನಮ್ಮ ಹಿರಿಯರ ಕೈಗುಣ ಕಾಣುವುದು ಇಲ್ಲೇ. ಫೋಲೇಟ್ ಅನ್ನುವ ಬಿ ವಿಟಮಿನ್ ನೀರಿಗೆ ಇಳಿಯುತ್ತದೆ. ಹೊಸ ರಕ್ತಕಣ ಹುಟ್ಟಲು ಅದು ಬೇಕೇ ಬೇಕು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಮೋರಿಗೆ ಹೋಯಿತು. ಬಸ್ಸಾರಿನಲ್ಲಿ ಆ ಕಟ್ಟೇ ಸಾರಾಗುತ್ತದೆ. ನಾನು ಮಾಡುವುದು ಹೀಗೆ: ಅಲಸಂದೆ ಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸುತ್ತೇನೆ. ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪನ್ನು ತೊಳೆದು, ಆಮೇಲೆ ಹೆಚ್ಚಿ ಹಾಕುತ್ತೇನೆ. ಹೆಚ್ಚಿ ತೊಳೆದರೆ ಸಾರವೆಲ್ಲ ನೀರುಪಾಲು. ಏಳೆಂಟು ನಿಮಿಷ ಬೇಯಿಸಿ ಬಸಿದು, ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಸ್ವಲ್ಪ ಹುಣಸೆ ರುಬ್ಬಿ ಹಾಕುತ್ತೇನೆ. ಬಸಿದ ಸೊಪ್ಪು ಕಾಳಿಗೆ ಕಾಯಿತುರಿ ಹಾಕಿ ಒಗ್ಗರಣೆ. ತಟ್ಟೆಯಲ್ಲಿ ಆ ಪಲ್ಯದ ಮೇಲೆ ಅರ್ಧ ಹೋಳು ನಿಂಬೆ.

ಮೊಳಕೆಗೂ ಕಾರಣ ಇದೆ. ಕಾಳು, ರಾಗಿಯಲ್ಲಿ ಫೈಟೇಟ್ ಅನ್ನುವ ಪದಾರ್ಥ ಇದೆ, ಅದೂ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳೆತಾಗ ಅದು ಒಡೆದು ಕಡಿಮೆಯಾಗುತ್ತದೆ. ಮಗುವಿಗೆ ರಾಗಿ ಮಣ್ಣಿ ಮಾಡಲು ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತಿದ್ದದ್ದು ಎಷ್ಟು ಸರಿ ನೋಡಿ.

ರಾಗಿ ಬಗ್ಗೆ ಒಂದು ಮಾತು ಹೇಳಲೇಬೇಕು. 'ಮುದ್ದೆ ತಿಂದರೆ ರಕ್ತ ಆಗುತ್ತೆ' ಅಂತ ನಾನೂ ನಂಬಿದ್ದೆ. 100 ಗ್ರಾಂ ರಾಗಿಯಲ್ಲಿ ಕಬ್ಬಿಣ ನಾಲ್ಕೈದು ಮಿಲಿಗ್ರಾಂ, ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ. 100 ಗ್ರಾಂಗೆ 340 ಮಿಲಿಗ್ರಾಂಗೂ ಮೇಲೆ. ಅಕ್ಕಿಯಲ್ಲಿ ಸುಮಾರು 10. ಮೂಳೆಗಾಗಿ ಮುದ್ದೆ ತಿನ್ನಿ, ಖಂಡಿತ ತಿನ್ನಿ. ರಕ್ತಕ್ಕೆ ಅದೊಂದನ್ನೇ ನೆಚ್ಚಬೇಡಿ.

ಕಬ್ಬಿಣದ ಬಾಣಲೆ ಇದ್ದರೆ ಅಟ್ಟದಿಂದ ಇಳಿಸಿ. ಟೊಮೆಟೊ ಗೊಜ್ಜಿನಂಥ ಹುಳಿ ಅಡುಗೆ ಅದರಲ್ಲಿ ಮಾಡಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಊಟಕ್ಕೆ ಬರುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗುತ್ತದೆ.

ಇಷ್ಟೆಲ್ಲ ಮಾಡಿದರೂ 8.4 ಇದ್ದವಳಿಗೆ ಊಟ ಒಂದೇ ಸಾಲದು. ನಾನು ಮಾತ್ರೆ ತೆಗೆದುಕೊಂಡೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರ ಇರಲಿ. ಹಾಲಿನ ಜೊತೆ ಬೇಡ, ನಿಂಬೆ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಹೊಟ್ಟೆ ತೊಳಸಿದರೆ ಬಿಟ್ಟುಬಿಡುವ ಬದಲು ಡಾಕ್ಟರಿಗೆ ಹೇಳಿ ಹೊತ್ತು ಅಥವಾ ಮಾತ್ರೆ ಬದಲಿಸಿಕೊಳ್ಳಿ.

ಚೀಟಿಯಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತದೆ, ಅದನ್ನೂ ನೋಡಿ. ಅದು ರಕ್ತಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ, ಆದರೆ ಥಲಸೀಮಿಯಾ ಅನ್ನುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆಯಲ್ಲೂ ಹಾಗೇ ಇರುತ್ತದೆ. 100ಕ್ಕಿಂತ ಜಾಸ್ತಿ ಇದ್ದರೆ ಬಿ12 ಅಥವಾ ಫೋಲೇಟ್ ಕೊರತೆ ಇರಬಹುದು. ಬಿ12 ಸೊಪ್ಪಿನಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. ಅದಕ್ಕೇ ಅಕ್ಕಪಕ್ಕದವರ ಮಾತ್ರೆ ಕೇಳಿ ತೆಗೆದುಕೊಳ್ಳಬೇಡಿ.

ಮೂರು ತಿಂಗಳಿಗೆ ನನ್ನದು 11.8ಕ್ಕೆ ಬಂತು. ಹಸಿ ಅಕ್ಕಿಯ ಆಸೆ ಅದಕ್ಕೂ ಮೊದಲೇ ಹೋಗಿತ್ತು. ಸಂಖ್ಯೆ ಸರಿಹೋದ ಮೇಲೂ ಇನ್ನೂ ಮೂರು ತಿಂಗಳು ಮಾತ್ರೆ ನುಂಗಿದೆ, ಮೈಯ ಕಬ್ಬಿಣದ ಉಗ್ರಾಣ ತುಂಬಬೇಕಲ್ಲ. ಆ ಉಗ್ರಾಣ ಅಳೆಯುವ ಪರೀಕ್ಷೆಯ ಹೆಸರು ಫೆರಿಟಿನ್. ಮುಂದಿನ ಸಲ ಹೋದಾಗ ಅದನ್ನೂ ಕೇಳಿ ಮಾಡಿಸಿ.